ಬಾಡಿಗೆಯ ನಾಲಗೆಗಳೂ ತೋಯ್ದ ಧಾನ್ಯದ ರಾಶಿಯೂ

ರಮಝಾನ್ ತಿಂಗಳು ಹತ್ತಿರವಾಗುತ್ತಿದ್ದಂತೆಯೇ ನಮ್ಮ ಮೊಬೈಲುಗಳಲ್ಲಿ ಒಂದು ಬಗೆಯ ವಿಡಿಯೋಗಳು ತುಂಬಿಕೊಳ್ಳತೊಡಗುತ್ತವೆ. ಹಬೆಯಾಡುವ ಬಿರಿಯಾನಿ ಹಂಡೆ, ಕೆಂಡದಂತೆ ಹೊಳೆಯುವ ಕಬಾಬ್, ಅದರ ಮುಂದೆ ಕಣ್ಣರಳಿಸಿ ನಿಂತ ಒಬ್ಬ ಯುವಕ. ತುತ್ತು ಬಾಯಿಗೆ ಹೋಗುವ ಮೊದಲೇ ಆತನ ತಲೆ ತೂಗುತ್ತದೆ. ಇಂಥ ರುಚಿಯನ್ನು ಜೀವನದಲ್ಲೇ ಕಂಡಿಲ್ಲ ಎನ್ನುತ್ತಾನೆ. ಮರುದಿನ ಇನ್ನೊಂದು ಹೋಟೆಲಿನಲ್ಲಿ ಅದೇ ಮುಖ, ಅದೇ ಬೆರಗು, ಅದೇ ಮಾತು. ನಾವು ನೋಡುತ್ತೇವೆ, ಮಕ್ಕಳಿಗೆ ತೋರಿಸುತ್ತೇವೆ, ಕುಟುಂಬ ಸಮೇತ ಹೊರಡುತ್ತೇವೆ. ಆ ಹೊಗಳಿಕೆಗೆ ಬೆಲೆ ಎಷ್ಟು, ಅದನ್ನು ತೆತ್ತವರು ಯಾರು ಎಂದು ಮಾತ್ರ ಕೇಳುವುದಿಲ್ಲ.

ವ್ಯಾಪಾರಿಯು ತನ್ನ ಸರಕಿನ ಪ್ರಚಾರ ಮಾಡುವುದು ತಪ್ಪಲ್ಲ. ತನ್ನ ಅಂಗಡಿ ಎಲ್ಲಿದೆ, ಏನು ಸಿಗುತ್ತದೆ, ಬೆಲೆ ಎಷ್ಟು ಎಂದು ಜನರಿಗೆ ತಿಳಿಸುವುದು ಆತನ ಹಕ್ಕು. ದೊಡ್ಡ ಹೋಟೆಲ್ ಸಮೂಹಗಳು ಇದಕ್ಕೆಂದೇ ಸಂಸ್ಥೆಗಳನ್ನು ನೇಮಿಸಿಕೊಳ್ಳುವುದರಲ್ಲೂ ದೋಷವಿಲ್ಲ. ನಮ್ಮ ತಕರಾರು ಬೇರೆಯೇ ಇದೆ. ಮಾರುವವನೇ ಗಿರಾಕಿಯ ವೇಷ ಧರಿಸಿ ಮಾತನಾಡುವುದು, ಹಣ ಕೊಟ್ಟು ಬರೆಸಿದ ಮಾತನ್ನು ಸಾಮಾನ್ಯ ಗ್ರಾಹಕನ ಅನುಭವವೆಂದು ನಂಬಿಸುವುದು, ಎದುರಂಗಡಿಯ ಮೇಲೆ ಗುಟ್ಟಾಗಿ ಒಂದು ಸ್ಟಾರ್‌ಗಳ ಮಳೆ ಸುರಿಸುವುದು - ಇವು ಪ್ರಚಾರವಲ್ಲ. ಇವು ಸುಳ್ಳು ಸಾಕ್ಷ್ಯಗಳು.

ಈ ಸುಳ್ಳಿನ ಶಕ್ತಿ ಎಷ್ಟೆಂಬುದಕ್ಕೆ ಲಂಡನ್ನಿನ ಒಂದು ಪ್ರಸಂಗ ಸಾಕು. ಹಿಂದೊಮ್ಮೆ ಹಣ ಪಡೆದು ಹೋಟೆಲುಗಳ ಪರವಾಗಿ ಸುಳ್ಳು ವಿಮರ್ಶೆ ಬರೆಯುತ್ತಿದ್ದ ಊಬಾ ಬಟ್ಲರ್ ಎಂಬ ಯುವ ಪತ್ರಕರ್ತ 2017ರಲ್ಲಿ ತನ್ನ ಮನೆಯ ಹಿತ್ತಲಿನ ಶೆಡ್ಡನ್ನೇ ಒಂದು ರೆಸ್ಟೋರೆಂಟ್ ಎಂದು ಟ್ರಿಪ್ ಅಡ್ವೈಸರ್‌ನಲ್ಲಿ ನೋಂದಾಯಿಸಿದ. ಅಲ್ಲಿ ಅಡುಗೆಮನೆಯಿರಲಿಲ್ಲ, ಊಟವೂ ಇರಲಿಲ್ಲ. ತಿನಿಸುಗಳ ಚಿತ್ರಗಳಲ್ಲಿದ್ದದ್ದು ಶೇವಿಂಗ್ ನೊರೆ ಮುಂತಾದವು. ಗೆಳೆಯರಿಂದ ಸುಳ್ಳು ಹೊಗಳಿಕೆ ಬರೆಸಿದ. ಕೆಲವೇ ತಿಂಗಳುಗಳಲ್ಲಿ ಆ ಶೆಡ್ಡು ಆ ತಾಣದಲ್ಲಿ ಲಂಡನ್ನಿನ ಪ್ರಥಮ ಸ್ಥಾನಕ್ಕೇರಿತು! ಕೊನೆಗೆ ಒಂದು ರಾತ್ರಿ ನಿಜವಾಗಿಯೂ ಬಾಗಿಲು ತೆರೆದು, ಅಂಗಡಿಯ ಅಗ್ಗದ ಸಿದ್ಧ ಆಹಾರವನ್ನು ಬಿಸಿ ಮಾಡಿ ಬಡಿಸಿದಾಗ, ಮತ್ತೆ ಬರಬಹುದೇ ಎಂದು ಕೇಳಿದ ಅತಿಥಿಗಳೂ ಇದ್ದರು. ಸುಳ್ಳು ಹೊಗಳಿಕೆಯು ಜನರ ಹಣವನ್ನಷ್ಟೇ ಅಲ್ಲ, ಅವರ ನಾಲಗೆಯ ವಿವೇಚನೆಯನ್ನೂ ಕಸಿದುಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೇ?

ಇದನ್ನು ಹೊಸ ಯುಗದ ಹೊಸ ಸಮಸ್ಯೆಯೆಂದು ಭಾವಿಸಬೇಕಿಲ್ಲ. ಪ್ರವಾದಿ ಮುಹಮ್ಮದ್(ಸ)ರು ಮಾರುಕಟ್ಟೆಯಲ್ಲಿ ನಿಷೇಧಿಸಿದ ಸಂಗತಿಗಳಲ್ಲಿ 'ನಜಶ್' ಎಂಬುದೂ ಒಂದು. ಕೊಳ್ಳುವ ಉದ್ದೇಶವೇ ಇಲ್ಲದವನು ಮಾರುವವನ ಜೊತೆ ಸೇರಿಕೊಂಡು ಬೆಲೆ ಏರಿಸಿ ಕೂಗುವುದು, ಸರಕನ್ನು ಹೊಗಳಿ ಇತರರನ್ನು ಬಲೆಗೆ ಬೀಳಿಸುವುದು - ಇದೇ ನಜಶ್. ಅಂದಿನ ಸಂತೆಯಲ್ಲಿ ಈ ಕೆಲಸಕ್ಕೆ ಒಬ್ಬ ಗೆಳೆಯ ಬೇಕಿತ್ತು. ಇಂದು ಅದಕ್ಕೊಂದು ಪ್ಯಾಕೇಜ್ ಇದೆ. ಇಷ್ಟು ರಿವ್ಯೂಗಳಿಗೆ ಇಷ್ಟು, ಒಂದು ರೀಲ್ಸಿಗೆ ಇಷ್ಟು ಎಂದು ದರಪಟ್ಟಿಯೂ ಇದೆ. ಹೆಸರು ಬದಲಾದ ಮಾತ್ರಕ್ಕೆ ವಿಧಿ ಬದಲಾಗುವುದೇ? ಬಡ್ಡಿಗೆ ಲಾಭವೆಂದು ಹೆಸರಿಟ್ಟರೆ ಅದು ಹಲಾಲ್ ಆಗುವುದಿಲ್ಲವೆಂದಾದರೆ, ನಜಶ್‌ಗೆ ಡಿಜಿಟಲ್ ಮಾರ್ಕೆಟಿಂಗ್ ಎಂದು ಹೆಸರಿಟ್ಟರೆ ಅದು ಹೇಗೆ ಶುದ್ಧವಾದೀತು?

ದೇಶದ ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. ದಾರಿ ತಪ್ಪಿಸುವ ಜಾಹೀರಾತುಗಳನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಹಣ, ಉಡುಗೊರೆ ಅಥವಾ ಉಚಿತ ಊಟ ಪಡೆದು ಹೊಗಳುವವನು ಅದನ್ನು ನೋಡುಗರಿಗೆ ಎದ್ದು ಕಾಣುವಂತೆ ತಿಳಿಸಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಬಾರಿ 10 ಲಕ್ಷ ರೂಪಾಯಿಗಳ ವರೆಗೆ, ಮರುಕಳಿಸಿದರೆ 50 ಲಕ್ಷದ ವರೆಗೆ ದಂಡ ವಿಧಿಸಬಹುದು. ಆನ್‌ಲೈನ್ ವಿಮರ್ಶೆಗಳಿಗೆಂದೇ 2022ರಲ್ಲಿ ಐಎಸ್ 19000 ಎಂಬ ಭಾರತೀಯ ಮಾನಕವೂ ಪ್ರಕಟವಾಗಿದೆ. ದಂಡದ ಭಯದಿಂದ ಸತ್ಯ ಹೇಳುವವರಿದ್ದಾರೆ. ಆದರೆ ಅಲ್ಲಾಹನು ನೋಡುತ್ತಿದ್ದಾನೆಂದು ನಂಬುವವರಿಗೆ ದಂಡದ ಮೊತ್ತವನ್ನು ತಿಳಿಸಬೇಕಾಗಿ ಬಂದಿರುವುದೇ ನಾಚಿಕೆಯ ಸಂಗತಿ.

ಇನ್ನು ಕ್ಯಾಮೆರಾಕ್ಕಾಗಿ ಅಡುಗೆ ಮಾಡುವ ರೋಗದ ಬಗ್ಗೆ ಒಂದು ಮಾತು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರಕಾರವು ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಪರೀಕ್ಷೆಗೊಳಪಡಿಸಿದ 171 ಮಾದರಿಗಳ ಪೈಕಿ 107ರಲ್ಲಿ ಅಸುರಕ್ಷಿತ ಬಣ್ಣಗಳು ಕಂಡುಬಂದಿದ್ದವು. ಅದೇ ವರ್ಷ ಜೂನ್‌ನಲ್ಲಿ ನಿಷೇಧವು ಕಬಾಬ್‌ಗೂ ವಿಸ್ತರಿಸಿತು. ಆ ಬಣ್ಣದಿಂದ ಕಬಾಬಿನ ರುಚಿ ಹೆಚ್ಚುವುದಿಲ್ಲ, ಹೊಟ್ಟೆಗೆ ಹಿತವೂ ಇಲ್ಲ. ಅದು ಇರುವುದು ಕಣ್ಣಿಗಾಗಿ ಮಾತ್ರ. ಕಣ್ಣನ್ನು ಗೆದ್ದರೆ ಸಾಕು, ಹೊಟ್ಟೆಯ ಗತಿ ಏನಾದರೂ ಆಗಲಿ ಎಂಬುದು ಯಾವ ಹಲಾಲ್? ಪ್ರಾಣಿಯನ್ನು ಅಲ್ಲಾಹನ ನಾಮದಲ್ಲಿ ದಿಬ್‌ಹ್ ಮಾಡಿ, ಬಳಿಕ ಅದಕ್ಕೆ ವಿಷದ ಬಣ್ಣ ಬಳಿದು, ಗೋಡೆಯ ಮೇಲೆ ಹಲಾಲ್ ಫಲಕ ತೂಗುಹಾಕುವವನು ಯಾರನ್ನು ವಂಚಿಸುತ್ತಿದ್ದಾನೆ? ಕುರ್‌ಆನ್ ಹಲಾಲ್ ಎಂಬ ಪದದ ಜೊತೆಗೇ ತಯ್ಯಿಬ್, ಅಂದರೆ ಶುದ್ಧವೂ ಉತ್ತಮವೂ ಆದದ್ದು ಎಂಬ ಪದವನ್ನೂ ಬಳಸಿದೆ ಎಂಬುದನ್ನು ನಾವು ಮರೆತಿದ್ದೇವೆ.

ಇದಕ್ಕಿಂತಲೂ ನೋವಿನ ವಿಷಯವೊಂದಿದೆ. ಸಾಮಾಜಿಕ ಮಾಧ್ಯಮದ ಸುಳ್ಳು ಎಷ್ಟು ಕ್ರೂರವೆಂಬುದನ್ನು ನಮ್ಮ ಸಮುದಾಯದಷ್ಟು ಅನುಭವಿಸಿ ಬಲ್ಲವರು ಕಡಿಮೆ. 2022ರ ಯುಗಾದಿಯ ಸಮಯದಲ್ಲಿ ನಮ್ಮದೇ ರಾಜ್ಯದಲ್ಲಿ ಹಲಾಲ್ ಮಾಂಸದ ಬಹಿಷ್ಕಾರಕ್ಕೆ ಕರೆ ನೀಡಲಾಯಿತು. 2024ರ ಜುಲೈಯಲ್ಲಿ ಕನ್ವರ್ ಯಾತ್ರೆಯ ದಾರಿಯಲ್ಲಿರುವ ಹೋಟೆಲುಗಳು ಮಾಲಕರ ಹೆಸರನ್ನು ಪ್ರದರ್ಶಿಸಬೇಕೆಂಬ ಆದೇಶವನ್ನು ಸುಪ್ರೀಮ್ ಕೋರ್ಟ್ ತಡೆಹಿಡಿಯಬೇಕಾಗಿ ಬಂತು. ಮುಸ್ಲಿಮ್ ಹೋಟೆಲಿನ ಆಹಾರದಲ್ಲಿ ಉಗುಳಲಾಗುತ್ತದೆ ಎಂಬ ಅಪಪ್ರಚಾರದ ಸಂದೇಶಗಳು ಯಾರ ಮೊಬೈಲಿಗೆ ಬಂದಿಲ್ಲ? ಒಂದು ಸುಳ್ಳಿನಿಂದ ಬಡ ವ್ಯಾಪಾರಿಯ ಒಲೆ ಆರುವುದನ್ನು ಕಂಡ ನಾವೇ, ಪಕ್ಕದ ಹೋಟೆಲಿನ ಆಹಾರದಲ್ಲಿ ಹುಳವಿತ್ತೆಂಬ ವಿಡಿಯೋ ಬಂದಾಗ ಸತ್ಯಾಸತ್ಯತೆ ಪರಿಶೀಲಿಸದೆ ಫಾರ್ವರ್ಡ್ ಮಾಡುತ್ತೇವೆ! ಸುದ್ದಿಯೊಂದು ಬಂದಾಗ ಪರಿಶೀಲಿಸಿರಿ, ಇಲ್ಲದಿದ್ದರೆ ತಿಳಿಯದೆ ಇತರರಿಗೆ ಹಾನಿ ಮಾಡಿ ಪಶ್ಚಾತ್ತಾಪ ಪಡುವಿರಿ ಎಂಬ ಅಲ್ ಹುಜುರಾತ್ ಅಧ್ಯಾಯದ ಎಚ್ಚರಿಕೆಯು ನಮ್ಮ ಶತ್ರುಗಳಿಗಾಗಿ ಮಾತ್ರ ಬಂದದ್ದಲ್ಲ. ನಮ್ಮ ಮೇಲೆ ಪ್ರಯೋಗವಾದಾಗ ಅನ್ಯಾಯವೆನಿಸುವ ಅಸ್ತ್ರವು ನಮ್ಮ ಕೈಗೆ ಬಂದಾಗ ವ್ಯಾಪಾರ ತಂತ್ರವಾಗುವುದು ಹೇಗೆ?

ದಾನವೂ ಈಗ ಪ್ರಚಾರದ ಸರಕಾಗಿದೆ. ಹೋಟೆಲಿನ ಲಾಂಛನವಿರುವ ಇಫ್ತಾರ್ ಪೊಟ್ಟಣ, ಅದನ್ನು ಪಡೆಯುವ ವೃದ್ಧೆಯ ಬಾಗಿದ ಮುಖ, ಹಿನ್ನೆಲೆಯಲ್ಲಿ ಕರುಣ ಸಂಗೀತ. ಆ ತಾಯಿಯ ಹಸಿವಿಗೆ ಒಂದು ಪೊಟ್ಟಣ ಸಿಕ್ಕಿತು ನಿಜ. ಆದರೆ ಅವಳ ಮಾನಕ್ಕೆ ಸಿಕ್ಕಿದ್ದೇನು? ಹಂಗಿಸುವುದರಿಂದಲೂ ತೋರಿಕೆಯಿಂದಲೂ ದಾನವು ನಿಷ್ಫಲವಾಗುತ್ತದೆ, ಬಂಡೆಯ ಮೇಲಿನ ಮಣ್ಣು ಮಳೆಗೆ ಕೊಚ್ಚಿಹೋದಂತೆ ಎಂದು ಅಲ್ ಬಕರ ಅಧ್ಯಾಯವು ಎಚ್ಚರಿಸುತ್ತದೆ. ವಿಡಿಯೋ ಮಾಡಲೇಬೇಕಿದ್ದರೆ ಅಡುಗೆಯ ಹಂಡೆಯನ್ನು ತೋರಿಸಿ, ಹಸಿದವರ ಮುಖವನ್ನಲ್ಲ.

ಎಲ್ಲರೂ ಮಾಡುತ್ತಿದ್ದಾರೆ, ನಾವೊಬ್ಬರೇ ಪ್ರಾಮಾಣಿಕರಾದರೆ ಬಾಗಿಲು ಮುಚ್ಚಬೇಕಾಗುತ್ತದೆ ಎಂದು ಮಾಲಕರು ಹೇಳುವುದುಂಟು. ಈ ಮಾತನ್ನು ನಾವು ಲಘುವಾಗಿ ಕಾಣುವುದಿಲ್ಲ. ಬಾಡಿಗೆ ಕಟ್ಟಬೇಕು, ಕೆಲಸಗಾರರಿಗೆ ಸಂಬಳ ಕೊಡಬೇಕು, ಹೋಮ್ ಡೆಲಿವರಿ ಆ್ಯಪ್‌ಗಳಿಗೆ ಕಮಿಷನ್ ತೆರಬೇಕು. ಆದರೆ ಬಾಡಿಗೆಯ ಹೊಗಳಿಕೆ ಗಿರಾಕಿಯನ್ನು ಒಮ್ಮೆ ಕರೆತರಬಲ್ಲದೇ ಹೊರತು ಎರಡನೆಯ ಸಲ ಕರೆತರಲಾರದು. ಎರಡನೆಯ ಸಲ ಕರೆತರುವುದು ರುಚಿ, ಶುಚಿ ಮತ್ತು ನಂಬಿಕೆ. ರೀಲ್ಸಿನಲ್ಲಿ ಕಂಡ ತಟ್ಟೆಯನ್ನೇ ನಿರೀಕ್ಷಿಸಿ ಬಂದವನು ಬೇರೆಯದನ್ನು ಕಂಡರೆ, ಆತ ಕಳೆದುಹೋದ ಗಿರಾಕಿ ಮಾತ್ರವಲ್ಲ, ಹತ್ತು ಜನರಿಗೆ ದೂರು ಹೇಳುವ ಸಾಕ್ಷಿಯೂ ಹೌದು. ಸುಳ್ಳು ಆಣೆಯು ಸರಕನ್ನು ಮಾರಿಸೀತು, ಆದರೆ ಅದರ ಬರಕತ್ತನ್ನು ಅಳಿಸಿಹಾಕುತ್ತದೆ ಎಂಬ ಪ್ರವಾದಿವಚನದ ಅರ್ಥವೂ ಇದೇ ಅಲ್ಲವೇ?

ಹಾಗಾದರೆ ಮಾಡಬೇಕಾದ್ದೇನು? ಮಾಲಕರು ಪ್ರಚಾರಕ್ಕೆ ಮೀಸಲಿಟ್ಟ ಹಣದ ಒಂದು ಪಾಲನ್ನು ಅಡುಗೆಮನೆಗೆ ತಿರುಗಿಸಲಿ. ಕಾದು ಕರಿದು ಕಪ್ಪಾದ ಎಣ್ಣೆಯನ್ನು ಚೆಲ್ಲಲಿ, ಪಾತ್ರೆ ತೊಳೆಯುವವನ ಸಂಬಳವನ್ನು ಸಕಾಲದಲ್ಲಿ ಕೊಡಲಿ. ದೂರು ಬಂದರೆ ಅದನ್ನು ಅಳಿಸಲು ಹೊರಡದೆ, ತಪ್ಪು ನಮ್ಮದು, ಸರಿಪಡಿಸಿದ್ದೇವೆ ಎಂದು ಬಹಿರಂಗವಾಗಿ ಬರೆಯಲಿ. ವಿಡಿಯೋ ಮಾಡಿ ಸಂಪಾದಿಸುವ ನಮ್ಮ ಯುವಕ ಯುವತಿಯರು ಹಣ ಪಡೆದಿದ್ದರೆ ಪಡೆದಿದ್ದೇವೆ ಎಂದು ಮೊದಲ ಸಾಲಿನಲ್ಲೇ ಹೇಳಲಿ, ಚೆನ್ನಾಗಿಲ್ಲದ್ದನ್ನು ಚೆನ್ನಾಗಿಲ್ಲ ಎನ್ನುವ ಸ್ವಾತಂತ್ರ್ಯವನ್ನು ಮಾರದಿರಲಿ. ಕುಟುಂಬಗಳಾದ ನಾವು ಉಣ್ಣದ ಊಟಕ್ಕೆ ಸ್ಟಾರ್ ಕೊಡದಿರೋಣ. ಮಾಲಕ ನೆಂಟನೆಂಬ ಕಾರಣಕ್ಕೆ ಒತ್ತುವ ಐದು ಸ್ಟಾರ್ ಕೂಡ ಒಂದು ಸಾಕ್ಷ್ಯವೇ.

ಪ್ರವಾದಿ(ಸ)ರು ಒಮ್ಮೆ ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಇಳಿಸಿದರು. ಬೆರಳುಗಳಿಗೆ ತೇವ ತಾಗಿತು. ಮಳೆಗೆ ತೋಯ್ದದ್ದು ಎಂದ ವ್ಯಾಪಾರಿ. ಹಾಗಿದ್ದರೆ ಜನರಿಗೆ ಕಾಣುವಂತೆ ತೋಯ್ದದ್ದನ್ನು ಮೇಲೆಯೇ ಏಕೆ ಇಡಲಿಲ್ಲ ಎಂದು ಕೇಳಿದರು, ವಂಚಿಸುವವನು ನಮ್ಮವನಲ್ಲ ಎಂದರು. ಮಳೆ ಸುರಿದದ್ದು ಆ ವ್ಯಾಪಾರಿಯ ತಪ್ಪಾಗಿರಲಿಲ್ಲ, ಅದನ್ನು ಮುಚ್ಚಿಟ್ಟದ್ದು ತಪ್ಪಾಗಿತ್ತು. ಇಂದು ನಮ್ಮ ಹೊಳೆಯುವ ಪರದೆಗಳೆಲ್ಲ ಒಣ ಧಾನ್ಯದ ಮೇಲ್ಪದರಗಳು. ಕೈ ಇಳಿಸಿ ನೋಡುವವರು ಇಲ್ಲವೆಂಬ ಧೈರ್ಯದಲ್ಲಿ ನಾವಿದ್ದೇವೆ. ಆದರೆ ಎಲ್ಲ ರಾಶಿಗಳನ್ನೂ ಬಗೆದು ನೋಡುವ ಒಂದು ದಿನ ಬರಲಿದೆ. ಅಂದು ಫಾಲೋವರ್ಸ್‌ಗಳ ಸಂಖ್ಯೆ ಉಪಯೋಗಕ್ಕೆ ಬಾರದು. ನಮ್ಮ ತಕ್ಕಡಿಯನ್ನೂ ನಮ್ಮ ನಾಲಗೆಯನ್ನೂ ಅಲ್ಲಾಹನು ನೇರವಾಗಿಡಲಿ.