ಗೌರವ ಸಾಕು, ಆರಾಧನೆ ಬೇಡ

ಮದ್ರಾಸಿನಲ್ಲಿ ಹುಟ್ಟಿ, ದೆಹಲಿಯಲ್ಲಿ ಬೆಳೆದು, ದೇಶವಿದೇಶಗಳ ವಿಶ್ವವಿದ್ಯಾಲಯಗಳಲ್ಲಿ ಕ್ರೈಸ್ತ ನಂಬಿಕೆಯ ಪರವಾಗಿ ವಾದ ಮಂಡಿಸಿ ಹೆಸರಾಗಿದ್ದ ರವಿ ಜಕರಾಯಸ್ 2020ರ ಮೇ ತಿಂಗಳಲ್ಲಿ ತೀರಿಕೊಂಡರು. ಸ್ಮರಣಾ ಸಭೆಯಲ್ಲಿ ಅಮೆರಿಕದ ಅಂದಿನ ಉಪಾಧ್ಯಕ್ಷ ಮೈಕ್ ಪೆನ್ಸ್ ಅವರೇ ಮಾತನಾಡಿದರು. ಒಂಬತ್ತು ತಿಂಗಳು ಕಳೆಯುವಷ್ಟರಲ್ಲಿ, ಜಕರಾಯಸ್ ಕಟ್ಟಿದ ಸಂಸ್ಥೆಯೇ ನೇಮಿಸಿದ್ದ ವಕೀಲರ ತನಿಖಾ ವರದಿ ಹೊರಬಿತ್ತು. ಮಸಾಜ್ ಕೆಲಸ ಮಾಡುವ ಹಲವು ಹೆಣ್ಣುಮಕ್ಕಳ ಮೇಲೆ ಅವರು ವರ್ಷಗಟ್ಟಲೆ ಲೈಂಗಿಕ ದೌರ್ಜನ್ಯ ನಡೆಸಿದ್ದರು. ಅವರಲ್ಲಿ ಕೆಲವರು ಜಕರಾಯಸ್ ಪಾಲುದಾರಿಕೆಯ ಸ್ಪಾಗಳಲ್ಲೇ ದುಡಿಯುತ್ತಿದ್ದರು. ಪ್ರಕಾಶಕರು ಅವರ ಪುಸ್ತಕಗಳನ್ನು ಹಿಂದಕ್ಕೆ ಪಡೆದರು. ಬೋಧಕನೊಬ್ಬ ಜಾರಿಬಿದ್ದ ಕಥೆ ಹೊಸದೇನಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಸುತ್ತಲಿದ್ದ ನೂರಾರು ಸಜ್ಜನರಿಗೆ ಇದು ಇಷ್ಟು ಕಾಲ ಯಾಕೆ ಕಾಣಲಿಲ್ಲ?

ಕಾಣಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. 2017ರಲ್ಲೇ ಕೆನಡಾದ ಮಹಿಳೆಯೊಬ್ಬರು ಅವರ ಮೇಲೆ ಆರೋಪ ಮಾಡಿದ್ದರು. ಜಕರಾಯಸ್ ಆಕೆಯ ಮೇಲೆಯೇ ಮೊಕದ್ದಮೆ ಹೂಡಿದರು. ಆ ವರ್ಷದ ಕೊನೆಯಲ್ಲಿ, ಇಬ್ಬರೂ ಬಾಯಿ ಬಿಡಬಾರದೆಂಬ ಷರತ್ತಿನೊಡನೆ ರಾಜಿಯಾಯಿತು. ಸಂಸ್ಥೆ ನಂಬಿದ್ದು ತನ್ನ ಸ್ಥಾಪಕನ ಮಾತನ್ನು. ಆಕೆಯ ಬಳಿ ಕ್ಷಮೆ ಕೇಳಲು ಅದಕ್ಕೆ 2021ರವರೆಗೂ ಬೇಕಾಯಿತು. ಇದರ ಕಾರಣವನ್ನು ಸಂಬಳದ ಆಸೆಯಲ್ಲೋ ಹೇಡಿತನದಲ್ಲೋ ಮಾತ್ರ ಹುಡುಕಿದರೆ ಸಾಲದು. ಸಂಸ್ಥೆಗೆ ಅವರದೇ ಹೆಸರಿತ್ತು, ಆಡಳಿತದಲ್ಲಿ ಅವರ ಕುಟುಂಬದವರಿದ್ದರು, ದೇಣಿಗೆ ಬರುತ್ತಿದ್ದದ್ದು ಅವರ ಮುಖ ನೋಡಿ. ಅದಕ್ಕಿಂತ ಹೆಚ್ಚಾಗಿ, ಅವರ ಮಾತು ಕೇಳಿ ನಂಬಿಕೆಗೆ ಬಂದವರು ಸಾವಿರಾರು ಮಂದಿ ಇದ್ದರು. ಈ ಮನುಷ್ಯ ಸುಳ್ಳಾದರೆ ತಮ್ಮ ನಂಬಿಕೆಯೇ ಸುಳ್ಳಾದೀತೆಂಬ ಅಂಜಿಕೆ ಹೊತ್ತವರು ದೂರು ತಂದವಳ ಮಾತಿಗೆ ಕಿವಿಗೊಡುವುದು ಕಷ್ಟ.

ಜಕರಾಯಸ್ ಮೊದಲಿನಿಂದಲೂ ಕಪಟಿಯಾಗಿದ್ದರು ಎಂದು ಕೈತೊಳೆದುಕೊಳ್ಳಬಹುದು. ಜಾನ್ ವಾನಿಯೇ ವಿಷಯದಲ್ಲಿ ಅದೂ ಸಾಧ್ಯವಿಲ್ಲ. ಬೌದ್ಧಿಕ ಅಂಗವೈಕಲ್ಯ ಉಳ್ಳವರೊಡನೆ ಒಂದೇ ಮನೆಯಲ್ಲಿ ಬಾಳುವ ಲಾರ್ಶ್ ಸಮುದಾಯವನ್ನು ಅವರು 1964ರಲ್ಲಿ ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಆರಂಭಿಸಿದರು. 1970ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆಶಾ ನಿಕೇತನವೂ ಆ ಬಳಗಕ್ಕೇ ಸೇರಿದ್ದು. ಆ ಮನೆಗಳಲ್ಲಿ ಸಿಕ್ಕ ಆರೈಕೆ, ಗೌರವ ಯಾವುದೂ ನಾಟಕವಲ್ಲ. 2019ರಲ್ಲಿ ವಾನಿಯೇ ತೀರಿಕೊಂಡಾಗ ಜನ ಅವರನ್ನು ಬದುಕಿದ್ದ ಸಂತನೆಂದೇ ನೆನೆದರು. ಮರುವರ್ಷ ಲಾರ್ಶ್ ತಾನೇ ಮಾಡಿಸಿದ ತನಿಖೆಯ ವರದಿಯನ್ನು ಪ್ರಕಟಿಸಿತು: ಆಧ್ಯಾತ್ಮಿಕ ಮಾರ್ಗದರ್ಶನ ಬಯಸಿ ಬಂದ ಆರು ಮಹಿಳೆಯರನ್ನು ಅವರು ಲೈಂಗಿಕವಾಗಿ ಬಳಸಿಕೊಂಡಿದ್ದರು. 2023ರ ವಿಸ್ತೃತ ಅಧ್ಯಯನದಲ್ಲಿ ಆ ಸಂಖ್ಯೆ ಕನಿಷ್ಠ 25ಕ್ಕೆ ಏರಿತು. ಅವರು ಮಾಡಿದ ಒಳ್ಳೆಯ ಕೆಲಸ ಸುಳ್ಳಾಗಿರಲಿಲ್ಲ, ನಿಜವಾಗಿತ್ತು. ಅದು ನಿಜವಾಗಿದ್ದುದರಿಂದಲೇ ಅಷ್ಟು ಗಟ್ಟಿ ಮರೆಯಾಯಿತು. ಸಂತನೇ ಆ ಸಂಬಂಧ ಪವಿತ್ರವೆಂದಾಗ ಆ ಹೆಣ್ಣುಮಕ್ಕಳು ತಮ್ಮ ಮನಸ್ಸಾಕ್ಷಿಯನ್ನು ನಂಬಬೇಕಿತ್ತೋ, ಅವನನ್ನೋ? ನಾಯಕನ ಸದ್ಗುಣವನ್ನೇ ಕಾವಲಾಗಿ ನೆಚ್ಚಿಕೊಂಡ ಸಮುದಾಯದಲ್ಲಿ ಆತ ಎಷ್ಟು ಒಳ್ಳೆಯವನೆನಿಸುತ್ತಾನೋ ಅಷ್ಟು ಕಾವಲು ಸಡಿಲವಾಗುತ್ತದೆ.

ವ್ಯಕ್ತಿಪೂಜೆ ಎಲ್ಲ ಮತಗಳಲ್ಲೂ ಇದೆ, ಸಿನಿಮಾ ರಾಜಕಾರಣಗಳಲ್ಲಂತೂ ಹೇಳುವುದೇ ಬೇಡ. ಆದರೆ ಕ್ರೈಸ್ತರಿಗೆ ಇದರ ಬಗ್ಗೆ ಎಚ್ಚರಿಕೆ ತಮ್ಮ ಸತ್ಯವೇದದಲ್ಲೇ ಇದೆ. ಲುಸ್ತ್ರ ಪಟ್ಟಣದ ಜನ ಅಪೊಸ್ತಲರಾದ ಪೌಲ, ಬಾರ್ನಬರನ್ನು ದೇವತೆಗಳೆಂದು ಭಾವಿಸಿ ಬಲಿ ಅರ್ಪಿಸಲು ಹೊರಟಾಗ, ಅವರಿಬ್ಬರೂ ತಮ್ಮ ಬಟ್ಟೆ ಹರಿದುಕೊಂಡು ತಡೆದರು. ಕಾಲಿಗೆರಗಿದ ಶತಾಧಿಪತಿ ಕೊರ್ನೇಲ್ಯನನ್ನು ಪೇತ್ರ ಎಬ್ಬಿಸಿ, ತಾನೂ ಮನುಷ್ಯನೇ ಎಂದ. ಅದೇ ಪೇತ್ರ ಅಂತಿಯೋಕ್ಯದಲ್ಲಿ ಯೆಹೂದ್ಯರಲ್ಲದ ಅನ್ಯಜನರೊಡನೆ ಊಟಕ್ಕೆ ಕೂರದೆ ಹಿಂಜರಿದಾಗ ಪೌಲ ಅವನನ್ನು ಎಲ್ಲರೆದುರು ಎದುರಿಸಿದ. ಆ ಜಗಳವನ್ನು ಆದಿಸಭೆ ಮುಚ್ಚಿಡದೆ ತನ್ನ ಗ್ರಂಥದೊಳಗೇ ಇಟ್ಟುಕೊಂಡಿತು. ಅಪೊಸ್ತಲರಲ್ಲಿ ಮೊದಲಿಗನನ್ನೇ ಬಹಿರಂಗವಾಗಿ ತಿದ್ದಬಹುದಾದರೆ, ಇಂದಿನ ಬಿಷಪ್, ಪಾಸ್ಟರ್ ಅಥವಾ ಫಾದರ್‌ಗೆ ವಿನಾಯಿತಿ ಕೊಟ್ಟವರು ಯಾರು?

ಇದಕ್ಕೆ ಎದುರಾಗುವ ಮೊದಲ ಆಕ್ಷೇಪವೂ ಸತ್ಯವೇದದಿಂದಲೇ ಬರುತ್ತದೆ. ಸಭಾನಾಯಕರಿಗೆ ವಿಧೇಯರಾಗಿರಬೇಕೆಂದು ಇಬ್ರಿಯರಿಗೆ ಬರೆದ ಪತ್ರಿಕೆ ಹೇಳುವುದು ನಿಜ. ಆದರೆ ಅದೇ ವಾಕ್ಯ, ಆ ನಾಯಕರು ಲೆಕ್ಕ ಒಪ್ಪಿಸಬೇಕಾದವರು ಎಂದೂ ಹೇಳುತ್ತದೆ. ದೇವರು ಅಭಿಷೇಕಿಸಿದವರ ತಂಟೆಗೆ ಹೋಗಬಾರದೆಂಬ 105ನೇ ಕೀರ್ತನೆಯ ಮಾತನ್ನು ಇನ್ನೂ ಹೆಚ್ಚಾಗಿ ಎತ್ತಿ ಆಡುತ್ತಾರೆ. ಆ ಕೀರ್ತನೆಯ ಸಂದರ್ಭ ಬೇರೆಯೇ. ನೆಲೆಯಿಲ್ಲದೆ ಊರಿಂದೂರಿಗೆ ಅಲೆಯುತ್ತಿದ್ದ ಬೆರಳೆಣಿಕೆಯ ಇಸ್ರಾಯೇಲಿನ ಮೂಲಪಿತೃಗಳಿಗೆ ಅರಸರು ಕೇಡು ಮಾಡದಂತೆ ದೇವರು ತಡೆದದ್ದನ್ನು ಅದು ನೆನೆಯುತ್ತದೆ. ಬಲವಿಲ್ಲದವರನ್ನು ಬಲವಂತರಿಂದ ಕಾಯುವ ಮಾತು ಈಗ ಬಲವಂತರನ್ನು ದೂರುದಾರರಿಂದ ಕಾಯುವ ಗುರಾಣಿಯಾಗಿದೆ. ಇನ್ನು, ಹಿರಿಯರ ಮೇಲಿನ ದೂರಿಗೆ ಎರಡು ಮೂರು ಸಾಕ್ಷಿ ಬೇಕೆಂದು ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆ ಹೇಳುತ್ತದೆ. ಸುಳ್ಳು ಆರೋಪದಿಂದ ಅವರಿಗೂ ರಕ್ಷಣೆ ಬೇಕು, ಒಪ್ಪೋಣ. ಆ ರಕ್ಷಣೆ ನ್ಯಾಯವಾದ ವಿಚಾರಣೆಯಿಂದ ಸಿಗಬೇಕು, ವಿಚಾರಣೆಯೇ ಬೇಡವೆನ್ನುವುದರಿಂದಲ್ಲ. ತಪ್ಪು ಸಾಬೀತಾದರೆ ಎಲ್ಲರೆದುರು ಗದರಿಸಬೇಕೆಂಬುದು ಅದೇ ಪತ್ರಿಕೆಯ ಮುಂದಿನ ಮಾತು.

ಎಲ್ಲರೂ ಪಾಪಿಗಳೇ, ಕ್ಷಮಿಸುವುದಲ್ಲವೇ ಧರ್ಮ ಎಂಬುದು ಎರಡನೆಯ ಆಕ್ಷೇಪ. ಕ್ಷಮಿಸುವ ಹಕ್ಕು ನೊಂದವರದು. ಪೆಟ್ಟೇ ತಿನ್ನದ ಸಮಿತಿ ಕುಳಿತು ಅವರ ಪರವಾಗಿ ಕ್ಷಮೆ ಹಂಚುವಂತಿಲ್ಲ. ಕ್ಷಮೆ ಸಿಕ್ಕಿದರೂ ಅದರೊಡನೆ ಪೀಠವೂ ಮರಳಿ ಸಿಗಬೇಕೆಂದಿಲ್ಲ. ಸುವಾರ್ತೆಯ ಸುಂಕದವ ಜಕ್ಕಾಯ ಬರೀ ಪಶ್ಚಾತ್ತಾಪಪಟ್ಟು ಸುಮ್ಮನಾಗಲಿಲ್ಲ, ವಂಚಿಸಿದ್ದರ ನಾಲ್ಕರಷ್ಟನ್ನು ಹಿಂದಿರುಗಿಸಲು ಮುಂದಾದ.

ಮೂರನೆಯ ಆಕ್ಷೇಪ ನಮ್ಮ ನಾಡಿನಲ್ಲಿ ಹೆಚ್ಚು ತೂಕದ್ದು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತು ಸುತ್ತಲಿನ ಚರ್ಚುಗಳ ಮೇಲೆ ನಡೆದ ದಾಳಿಗಳನ್ನು ಕಂಡ ಸಮುದಾಯ, ಒಳಗಿನ ಹುಳುಕು ಹೊರಗಿನ ದ್ವೇಷಿಗಳಿಗೆ ಆಯುಧವಾದೀತೆಂದು ಹೆದರುವುದು ಸಹಜ. ಅದನ್ನು ಲಘುವಾಗಿ ಕಾಣಬಾರದು. ಆದರೆ ಆ ಭಯದ ಬೆಲೆಯನ್ನು ತೆರುವವರು ಯಾರು? ಸಂಖ್ಯೆಯಲ್ಲಿ ಸಣ್ಣದಾದ ಸಮುದಾಯದೊಳಗೆ ಇನ್ನೂ ಸಣ್ಣವರಾದ ಹೆಂಗಸರು, ಮಕ್ಕಳು, ಹಾಸ್ಟೆಲಿನ ಬಡ ವಿದ್ಯಾರ್ಥಿಗಳು. ಮೇಲಾಗಿ, ಮುಚ್ಚಿಟ್ಟದ್ದು ಮುಚ್ಚಿಕೊಂಡೇ ಇರುವುದಿಲ್ಲ. ತಾನೇ ತನಿಖೆ ಮಾಡಿಸಿ ತಾನೇ ಪ್ರಕಟಿಸಿದ ಲಾರ್ಶ್ ಇಂದಿಗೂ ತನ್ನ ಕೆಲಸ ಮುಂದುವರಿಸಿದೆ. 2017ರಲ್ಲಿ ಸ್ಥಾಪಕನನ್ನು ಸಮರ್ಥಿಸಿಕೊಂಡ ಜಕರಾಯಸ್ ಸಂಸ್ಥೆ ಮೊದಲಿನ ರೂಪದಲ್ಲಿ ಉಳಿಯಲಿಲ್ಲ.

ಭಕ್ತಿ ಧರ್ಮದಲ್ಲಿ ಮೋಕ್ಷದ ದಾರಿಯಾಗಬಹುದು, ರಾಜಕಾರಣದಲ್ಲಿ ಅದು ಅಧಃಪತನಕ್ಕೂ ಸರ್ವಾಧಿಕಾರಕ್ಕೂ ದಾರಿ ಎಂದು ಅಂಬೇಡ್ಕರ್ 1949ರ ನವೆಂಬರಿನಲ್ಲಿ ಸಂವಿಧಾನ ಸಭೆಯನ್ನು ಎಚ್ಚರಿಸಿದ್ದರು. ಧರ್ಮಕ್ಕೆ ಅವರು ಕೊಟ್ಟ ಆ ವಿನಾಯಿತಿ ದೇವರ ಮೇಲಿನ ಭಕ್ತಿಗೆ ಸಲ್ಲಬಹುದು, ದೇವರ ಹೆಸರಿನಲ್ಲಿ ಅಧಿಕಾರ ನಡೆಸುವವರ ಮೇಲಿನ ಭಕ್ತಿಗೆ ಸಲ್ಲದು. ಆದ್ದರಿಂದ ಒಳ್ಳೆಯ ನಾಯಕರನ್ನು ಕೊಡು ಎಂಬ ಪ್ರಾರ್ಥನೆಯೊಂದೇ ಸಾಲದು, ನಾಯಕ ಒಳ್ಳೆಯವನೋ ಅಲ್ಲವೋ ಎಂಬುದನ್ನು ನೆಚ್ಚಿಕೊಳ್ಳದ ಏರ್ಪಾಡು ಬೇಕು. ಸಭೆಯ ಲೆಕ್ಕಪತ್ರವನ್ನು ಪ್ರತಿವರ್ಷ ಸದಸ್ಯರೆದುರು ಓದಬೇಕು. ಸ್ಥಾಪಕರ ಮನೆಯವರೇ ಟ್ರಸ್ಟಿನಲ್ಲಿ ತುಂಬಿಕೊಂಡಿರಬಾರದು. ಬಿಷಪ್ಪರ ಕೈಕೆಳಗಿಲ್ಲದವರು ದೂರು ಕೇಳಬೇಕು. ಪೋಪ್ ಫ್ರಾನ್ಸಿಸ್ 2019ರಲ್ಲಿ ಪ್ರತಿಯೊಂದು ಧರ್ಮಪ್ರಾಂತ್ಯದಲ್ಲೂ ದೂರು ಸ್ವೀಕರಿಸುವ ವ್ಯವಸ್ಥೆ ಇರಬೇಕೆಂದು ಆದೇಶಿಸಿದರು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಬೇಕೆಂದು ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಹೇಳುತ್ತದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದು ಪೋಕ್ಸೊ ಕಾಯ್ದೆಯಡಿ ಅಪರಾಧ. ಇವನ್ನೆಲ್ಲ ನಾಯಕರ ಮೇಲಿನ ಅಪನಂಬಿಕೆ ಎಂದು ತಿಳಿಯಬೇಕಿಲ್ಲ. ಪ್ರಾಮಾಣಿಕ ಸಭಾಪಾಲಕನಿಗೆ ಇವುಗಳಿಂದ ನಷ್ಟವಿಲ್ಲ. ತನ್ನನ್ನು ಪ್ರಶ್ನಿಸಬಲ್ಲ ಸಭೆಯೇ ಅವನನ್ನು ಅವನ ದೌರ್ಬಲ್ಯದಿಂದಲೂ ಕಾಯಬಲ್ಲದು.