ಹಂಗಾಮಿ ನೌಕರರ ಕೈಗೆ ಎಷ್ಟು ಕೀಲಿ?

ಅಡಿಕೆ ಸುಲಿತ ಆರಂಭವಾಗಿ, ಅರೇಬಿಕಾ ಹಣ್ಣು ಕೊಯ್ಲಿಗೆ ಬರುವ ಹೊತ್ತಿಗೆ ಸಹಕಾರಿ ಸಂಘಗಳ ಕಚೇರಿಗಳಲ್ಲಿ ಹೊಸ ಮುಖಗಳು ಕಾಣಿಸಿಕೊಳ್ಳುತ್ತವೆ. ಮೂರು ನಾಲ್ಕು ತಿಂಗಳ ಮಟ್ಟಿಗೆ ತೂಕದ ಚೀಟಿ ಬರೆಯಲು, ಲಾಟು ನಮೂದಿಸಲು, ಪಹಣಿ ಮತ್ತು ಪಾಸ್‌ಬುಕ್ಕಿನ ಪ್ರತಿಗಳನ್ನು ಗಣಕಯಂತ್ರಕ್ಕೆ ಏರಿಸಲು ಬರುವ ಹಂಗಾಮಿ ನೌಕರರಿವರು. ಬಹುಮಟ್ಟಿಗೆ ಸದಸ್ಯರ ಮನೆಯ ಮಕ್ಕಳೇ. ಕಚೇರಿಯ ಕಡತಗಳನ್ನು ಇವರಿಗೆ ಎಷ್ಟರಮಟ್ಟಿಗೆ ತೆರೆದಿಡಬೇಕೆಂಬುದು ಗುಮಾಸ್ತರ ಮಟ್ಟದ ಸಣ್ಣ ಪ್ರಶ್ನೆಯೆಂದು ಆಡಳಿತ ಮಂಡಳಿಗಳು ಬಿಟ್ಟುಬಿಡುವುದುಂಟು. ನಮ್ಮ ಅಭಿಪ್ರಾಯ ಬೇರೆ.

ಹಿಂದೆ ಸಾಲದ ಖಾತೆ ಪುಸ್ತಕ ಕಬ್ಬಿಣದ ಬೀರುವಿನಲ್ಲಿರುತ್ತಿತ್ತು. ಒಬ್ಬರು ತೆರೆದರೆ ನಾಲ್ವರು ನೋಡುತ್ತಿದ್ದರು. ಬಗಲಲ್ಲಿಟ್ಟು ಮನೆಗೆ ಒಯ್ಯುವುದು ಸುಲಭವಿರಲಿಲ್ಲ. ಈಗ ಒಂದು ಯಂತ್ರದಲ್ಲಿಟ್ಟ ಕಡತ ಜಾಲದ ಮೂಲಕ ಎಲ್ಲ ಮೇಜಿಗೂ ತಲಪುತ್ತದೆ. ಯಾವ ಸದಸ್ಯನ ಸಾಲ ಎಷ್ಟು ಬಾಕಿ, ಯಾರು ದರ ಏರಲೆಂದು ಮಾಲು ತಡೆದಿಟ್ಟಿದ್ದಾರೆ, ಇಂದಿನ ಟೆಂಡರಿನಲ್ಲಿ ಯಾವ ಲಾಟಿಗೆ ಯಾರು ಎಷ್ಟು ಬರೆದಿದ್ದಾರೆ, ಇದೆಲ್ಲ ಅಲ್ಲಿದೆ. ಸಾಲದ ಕಂತು ತೀರಿಸಲು ಹಣ ಬೇಕೇ ಬೇಕಾದ ಎರಡೆಕರೆಯ ಬೆಳೆಗಾರ ಯಾರೆಂದು ವ್ಯಾಪಾರಿಗೆ ತಿಳಿದರೆ, ಅವನ ಅಂಗಳದಲ್ಲಿ ದರ ಯಾರು ಹೇಳುತ್ತಾರೆಂಬುದನ್ನು ನಾವು ವಿವರಿಸಬೇಕಾಗಿಲ್ಲ.

"ನಮ್ಮದೇ ಹುಡುಗರು, ಅವರಿಗೇಕೆ ಬೀಗ?" ಎನ್ನುವವರಿದ್ದಾರೆ. "ಹಂಗಾಮಿಯವರಿಗೆ ಏನನ್ನೂ ಕೊಡಬೇಡಿ, ಖಾಯಂ ಗುಮಾಸ್ತರೇ ಮಾಡಲಿ" ಎನ್ನುವವರೂ ಇದ್ದಾರೆ. ಎರಡನೆಯ ಮಾತು ಬಿಗಿಯಾಗಿ ಕೇಳಿಸುತ್ತದೆ, ಆದರೆ ಹೆಚ್ಚು ಅಪಾಯ ಅದರಲ್ಲೇ ಇದೆ. ಬೆಳಿಗ್ಗೆ ಹನ್ನೊಂದರ ವೇಳೆಗೆ ಜೀಪು, ಪಿಕಪ್ಪುಗಳ ಸಾಲು ಗೇಟಿನಾಚೆಗೆ ಬೆಳೆದಾಗ ಖಾಯಂ ಗುಮಾಸ್ತನು ತನ್ನ ಗುಪ್ತಪದವನ್ನೇ ಹಂಗಾಮಿ ಹುಡುಗನ ಕಿವಿಗೆ ಹೇಳುತ್ತಾನೆ. ಅಲ್ಲಿಂದ ಮುಂದೆ ಕಡತ ತಿದ್ದಿದವರು ಯಾರೆಂದು ದೇವರೇ ಹೇಳಬೇಕು. ಏನೂ ಕೊಡೆವೆಂದವರು ಎಲ್ಲವನ್ನೂ ಕೊಟ್ಟಂತಾಗುತ್ತದೆ. ಕೆಲಸಕ್ಕೆ ತಕ್ಕಷ್ಟು ಹಕ್ಕನ್ನು, ಅವರವರ ಹೆಸರಿನಲ್ಲಿಯೇ, ಅವಧಿ ಗೊತ್ತುಮಾಡಿ ಕೊಡುವುದು ಇದಕ್ಕಿಂತ ಮೇಲು.

ಇದಕ್ಕೆ ಹೊಸ ಯಂತ್ರವೇನೂ ಬೇಡ. ಈಗಿರುವ ವ್ಯವಸ್ಥೆಯಲ್ಲೇ ಪ್ರತಿ ಕೋಶಕ್ಕೂ ನೋಡುವ, ಬರೆಯುವ, ಅಳಿಸುವ ಹಕ್ಕುಗಳನ್ನು ಬೇರೆ ಬೇರೆಯಾಗಿ ಹಂಚಬಹುದು. ದೇವಸ್ಥಾನದ ಹುಂಡಿಯಂತೆ, ಒಳಗೆ ಹಾಕಬಹುದು ಆದರೆ ತೆಗೆಯಲಾಗದು ಎಂಬ ಕೋಶವನ್ನೂ ಮಾಡಬಹುದು. ತೂಕದ ಚೀಟಿಗಳು, ಸ್ಕ್ಯಾನ್ ಪ್ರತಿಗಳು ಅಲ್ಲಿಗೆ ಬೀಳಲಿ. ತಾಳೆ ನೋಡಿ ಖಾತೆಗೆ ಏರಿಸುವುದು ಖಾಯಂ ಸಿಬ್ಬಂದಿಯ ಕೆಲಸವಾಗಲಿ. ಖಾತೆ ತೆರೆಯುವಾಗಲೇ ಮುಕ್ತಾಯದ ದಿನಾಂಕ ಹಾಕುವ ಸೌಲಭ್ಯವೂ ಉಂಟು. ಆ ದಿನ ಕಳೆದರೆ ಬಾಗಿಲು ತಾನಾಗಿಯೇ ಮುಚ್ಚುತ್ತದೆ, ಯಾರೂ ನೆನಪಿಟ್ಟುಕೊಳ್ಳಬೇಕಾಗಿಲ್ಲ.

ಒಂದು ಎಚ್ಚರ ಮಾತ್ರ ಅಗತ್ಯ. "ಬರೀ ನೋಡಲು ಕೊಟ್ಟಿದ್ದೇವೆ" ಎಂದು ಸಮಾಧಾನಪಡುವವರು, ನೋಡಬಲ್ಲವನು ನಕಲನ್ನೂ ಮಾಡಬಲ್ಲನೆಂಬುದನ್ನು ಮರೆಯಬಾರದು. ಪರದೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆಯಲು ಅರೆ ನಿಮಿಷ ಸಾಕು. ಕೋಶವನ್ನು ಕಣ್ಣಿಗೆ ಕಾಣದಂತೆ ಅಡಗಿಸಿಡುವುದೂ ಬೀಗ ಹಾಕಿದಂತಲ್ಲ. ಸಾಲದ ಪಟ್ಟಿ, ಬ್ಯಾಂಕ್ ಖಾತೆ ಸಂಖ್ಯೆ, ಟೆಂಡರ್ ಕಡತ ಇವು ಹಂಗಾಮಿ ಖಾತೆಗೆ ಓದಲೂ ಸಿಗಕೂಡದು.

ನಮ್ಮ ನಾಡಿಗೆ ಈ ವಿವೇಕ ಹೊಸತಲ್ಲ. ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದಾಗ ಅಕ್ಷರ ತುಂಬಿದವರು ಖಾಸಗಿ ಸಂಸ್ಥೆಗಳ ನೌಕರರು, ತಾಳೆ ನೋಡಿ ಒಪ್ಪಿದವರು ಗ್ರಾಮ ಲೆಕ್ಕಿಗರು. ಬಳಿಕ ಪಹಣಿ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗುವ ಏರ್ಪಾಡಾಯಿತು. ಗುಪ್ತಪದವನ್ನು ಸಾಲ ಕೊಡಬಹುದು, ಬೆರಳನ್ನು ಕೊಡಲಾಗದು.

ಬಂಧುಗಳ ಕಾರ್ಯಕ್ಕೆಂದು ಕಲಬುರಗಿಯ ಗಾಜಿಪುರಕ್ಕೆ ಹೋಗಿದ್ದೆವು. ತೊಗರಿಯ ಕಾಲ, ಬೆಂಬಲ ಬೆಲೆಯ ಖರೀದಿಗೆ ರೈತರ ನೋಂದಣಿ ನಡೆದಿತ್ತು. ಅಲ್ಲಿನ ಒಂದು ಸಹಕಾರಿ ಕಚೇರಿಯಲ್ಲಿ ಎರಡು ತಿಂಗಳಿಗೆಂದು ಬಂದಿದ್ದ ಹುಡುಗಿಯೊಬ್ಬಳು ರೈತನ ಫ್ರೂಟ್ಸ್ ಗುರುತಿನ ಸಂಖ್ಯೆಯನ್ನು ಹಾಕಿ, ತನ್ನ ಪಾಲಿನ ಪುಟವನ್ನಷ್ಟೇ ತುಂಬಿ ಮುಂದಿನ ಮೇಜಿಗೆ ಕಳುಹಿಸುತ್ತಿದ್ದಳು. ಹಳೆಯ ವರ್ಷದ ಕಡತ ನೋಡಬೇಕೆಂದು ಪರಿಚಿತರೊಬ್ಬರು ಒತ್ತಾಯಿಸಿದಾಗ, "ನನ್ನ ಹೆಸರಿಗೆ ಅದು ತೆಗೀಯಂಗಿಲ್ರೀ" ಎಂದು ನಗುತ್ತಲೇ ಹೇಳಿದಳು. ಆ ಮಾತಿನಲ್ಲಿ ಅವಮಾನವಿರಲಿಲ್ಲ, ನೆಮ್ಮದಿಯಿತ್ತು. ಲೆಕ್ಕ ತಪ್ಪಿದಾಗ ಮೊದಲು ಸಂಶಯ ಬೀಳುವುದು ಹಂಗಾಮಿಯವರ ಮೇಲೆ. ತಮ್ಮ ಹೆಸರಿನ ಖಾತೆ, ಕಿರಿದಾದ ಹಕ್ಕು ಇವೇ ಅವರಿಗೆ ಸಾಕ್ಷಿ. ಸಾಲ ಕೊಡುವ ಊರಿನ ಹಿರಿಯರಿಗೆ "ಇಲ್ಲ" ಎನ್ನುವ ಕಷ್ಟವನ್ನೂ ಯಂತ್ರವೇ ಹೊರುತ್ತದೆ.

ಕಾನೂನೂ ಈಗ ಈ ಕಡೆಗೇ ತಿರುಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು, ಜನರ ವಿವರ ಇಟ್ಟುಕೊಂಡ ಸಂಸ್ಥೆಯೇ ಅದನ್ನು ಕಾಯಬೇಕೆಂದು ವಿಧಿಸುತ್ತದೆ; ಲೋಪಕ್ಕೆ ದಂಡದ ಮಿತಿ 250 ಕೋಟಿ ರೂಪಾಯಿವರೆಗೂ ಇದೆ. ಇತ್ತ 2022ರಲ್ಲಿ ಕೇಂದ್ರ ಸಂಪುಟ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿತು. ಯಂತ್ರ ಹಳ್ಳಿಗೆ ಬಂತು. ಯಾರಿಗೆ ಯಾವ ಬಾಗಿಲೆಂದು ಬರೆದಿಡುವ ಅರ್ಧ ಹಾಳೆಯ ಠರಾವು ಎಷ್ಟು ಸಂಘಗಳಲ್ಲಿದೆ ಎಂದು ಸದಸ್ಯರೇ ವಿಚಾರಿಸಬೇಕು.

ಆದುದರಿಂದ ಮುಂದಿನ ಮಂಡಳಿ ಸಭೆಗೆ ಹೀಗೊಂದು ಠರಾವನ್ನು ನಾವು ಇಡಲಿದ್ದೇವೆ: ಹಂಗಾಮಿ ನೌಕರರೆಲ್ಲರಿಗೂ ಪ್ರತ್ಯೇಕ ಖಾತೆ, ಮಾರ್ಚ್ 31ಕ್ಕೆ ಮುಕ್ತಾಯ, ಸೇರಿಕೆಯ ಕೋಶಕ್ಕೆ ಬರೆಯುವ ಹಕ್ಕು, ಇಂದಿನ ದರಪಟ್ಟಿಗೆ ಓದುವ ಹಕ್ಕು, ಉಳಿದುದಕ್ಕೆ ಇಲ್ಲ. ಕೆಲಸ ನಡುವೆಯೇ ಬಿಟ್ಟವರ ಖಾತೆಯನ್ನು ಅಂದೇ ಸಂಜೆ ನಿಲ್ಲಿಸುವುದು. ಕಾರ್ಯದರ್ಶಿಯ ಗೈರುಹಾಜರಿಯಲ್ಲಿ ಹಕ್ಕು ಬದಲಿಸುವವರು ಯಾರೆಂಬುದಷ್ಟೇ ತೀರ್ಮಾನವಾಗಬೇಕಾಗಿದೆ. ಲೆಕ್ಕಿಗರ ಹೆಸರು ಚರ್ಚೆಯಲ್ಲಿದೆ. ಆದರೆ ಅವರೂ ಕೊಯ್ಲಿನ ಕಾಲಕ್ಕೆ ರಜೆ ಕೇಳಿದ್ದಾರೆ.