ಅರಸ ಹೋದ, ಅರಸನ ಅಧಿಕಾರ ಉಳಿಯಿತು

ಕ್ರಿ.ಪೂ. 509ರಲ್ಲಿ ಕೊನೆಯ ಅರಸ ಟಾರ್ಕ್ವಿನಿಯಸ್ ಸುಪರ್ಬಸ್‌ನನ್ನು ಓಡಿಸಿದ ರೋಮನ್ನರು ಆಡಳಿತವನ್ನು ಬುಡದಿಂದಲೇ ಹೊಸದಾಗಿ ಕಟ್ಟಿಕೊಂಡರು, ಅವರ ಗಣರಾಜ್ಯಕ್ಕೆ ಅರಸರ ಋಣವಿಲ್ಲ ಎನ್ನುವವರಿದ್ದಾರೆ. ಅವರ ಐದು ವಾದಗಳನ್ನು ಒಂದೊಂದಾಗಿ ನೋಡೋಣ.

‘ಏಳು ಅರಸರ ಕಥೆಯೇ ಕಟ್ಟುಕಥೆ.’ ರೋಮ್ಯುಲಸ್ ದಂತಕಥೆ, ಒಪ್ಪಿದೆ. ಏಳೇ ಮಂದಿ ಸುಮಾರು 240 ವರ್ಷ ಆಳಿದರೆಂಬ ಲೆಕ್ಕವೂ ನಂಬುವಂಥದ್ದಲ್ಲ. ಆದರೆ ಅರಸರ ಪಟ್ಟಿ ಸುಳ್ಳಾದ ಮಾತ್ರಕ್ಕೆ ಅರಸೊತ್ತಿಗೆ ಸುಳ್ಳಾಗದು. 1899ರಲ್ಲಿ ರೋಮ್‌ನ ಫೋರಂನಲ್ಲಿ, ಕಪ್ಪುಕಲ್ಲಿನ ಹಾಸಿನಡಿ ಸಿಕ್ಕ ಪ್ರಾಚೀನ ಶಾಸನದಲ್ಲೇ ಅರಸನ ಉಲ್ಲೇಖವಿದೆ.

‘ವರ್ಷಕ್ಕೆ ಇಬ್ಬರು ಕಾನ್ಸಲ್‌ಗಳೆಂಬ ಏರ್ಪಾಡು ಅರಸೊತ್ತಿಗೆಗೆ ತದ್ವಿರುದ್ಧ.’ ಬದಲಾದದ್ದು ಅವಧಿ ಮತ್ತು ತಲೆಯೆಣಿಕೆ. ಸೇನೆ ನಡೆಸುವ, ಶಿಕ್ಷೆ ವಿಧಿಸುವ ‘ಇಂಪೀರಿಯಂ’, ಕೋಲುಕಟ್ಟು ಹೊತ್ತು ಮುಂದೆ ನಡೆಯುವ ಹನ್ನೆರಡು ಲಿಕ್ಟರ್‌ಗಳು, ದಂತದ ಪೀಠ ಇವೆಲ್ಲ ಅರಸನಿಂದಲೇ ಬಂದವು ಎಂಬುದು ರೋಮನ್ನರದೇ ನಂಬಿಕೆ. ಸ್ವಾತಂತ್ರ್ಯ ಬಂದದ್ದು ಅಧಿಕಾರ ತಗ್ಗಿದ್ದರಿಂದಲ್ಲ, ಅವಧಿ ಒಂದು ವರ್ಷಕ್ಕಿಳಿದದ್ದರಿಂದ ಎಂಬ ಅಭಿಪ್ರಾಯ ಇತಿಹಾಸಕಾರ ಲಿವಿಯದು. ಇಬ್ಬರ ಮುಂದೆಯೂ ಒಟ್ಟಿಗೇ ಕೋಲುಕಟ್ಟು ಹೊರಟರೆ ಜನರ ಭಯ ಇಮ್ಮಡಿಯಾದೀತೆಂದು ಸರದಿ ಮಾಡಿದರಂತೆ. ಬಿಕ್ಕಟ್ಟು ಬಂದಾಗ ಆ ಎಚ್ಚರವನ್ನೂ ಬದಿಗಿಟ್ಟು, ಆರು ತಿಂಗಳ ಮಿತಿಯಲ್ಲಿ ಒಬ್ಬನೇ ಸರ್ವಾಧಿಕಾರಿಯನ್ನು ನೇಮಿಸುತ್ತಿದ್ದರು.

‘ಸೆನೆಟ್ ಗಣರಾಜ್ಯದ ಸೃಷ್ಟಿ.’ ಅಲ್ಲ, ಪರಂಪರೆಯ ಪ್ರಕಾರ ಅದು ಅರಸನ ಸಲಹಾಸಭೆ. ಅರಸ ತೀರಿಕೊಂಡಾಗ ಅದರ ಸದಸ್ಯರು ಐದೈದು ದಿನ ಸರದಿಯಲ್ಲಿ ‘ಇಂಟರ್‌ರೆಕ್ಸ್’ ಆಗಿ ರಾಜ್ಯಭಾರ ನೋಡಿಕೊಳ್ಳುತ್ತಿದ್ದರು. ಕಾನ್ಸಲ್‌ಗಳಿಬ್ಬರೂ ಇಲ್ಲವಾದಾಗ ಗಣರಾಜ್ಯ ಹಿಡಿದದ್ದೂ ಇದೇ ದಾರಿ. ಕ್ರಿ.ಪೂ. 82ರಲ್ಲಿ ಸುಲ್ಲಾನನ್ನು ಸರ್ವಾಧಿಕಾರಿಯಾಗಿಸಿದ ಕಾನೂನನ್ನು ಮಂಡಿಸಿದವನು ಇಂಥ ಒಬ್ಬ ಇಂಟರ್‌ರೆಕ್ಸ್.

‘ರೋಮನ್ನರಿಗೆ ಅರಸನೆಂದರೆ ಆಗದು.’ ನಿಜ, ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಕೂಡ ಜನರೆದುರು ಕಿರೀಟವನ್ನು ನಿರಾಕರಿಸಬೇಕಾಯಿತು. ಆದರೂ ದೇವರ ಕೆಲಸಕ್ಕೆ ಅರಸ ಬೇಕೇ ಬೇಕಿತ್ತು. ಅದಕ್ಕೆಂದೇ ‘ರೆಕ್ಸ್ ಸಾಕ್ರೋರಂ’ ಎಂಬ ಪುರೋಹಿತನನ್ನು ನೇಮಿಸಿ, ರಾಜಕೀಯ ಹುದ್ದೆಗಳಿಂದ ದೂರವಿಟ್ಟರು.

‘ಹಾಗಾದರೆ ಟ್ರಿಬ್ಯೂನ್‌ಗಳು?’ ಇದೊಂದು ಗಟ್ಟಿ ಪ್ರಶ್ನೆ. ಕ್ರಿ.ಪೂ. 494ರಲ್ಲಿ ಸಾಮಾನ್ಯ ಜನ ಹೋರಾಡಿ ಪಡೆದರೆನ್ನಲಾದ ಈ ಹುದ್ದೆ ಅರಸರ ಕೊಡುಗೆಯಲ್ಲ. ಆದರೆ ಟ್ರಿಬ್ಯೂನ್‌ನ ಮುಖ್ಯ ಕೆಲಸವೇ ಕಾನ್ಸಲ್‌ಗಳ ಕೈಯಿಂದ ಜನರನ್ನು ಕಾಯುವುದು. ಅರಸನೊಂದಿಗೆ ಅವನ ಅಧಿಕಾರವೂ ಊರು ಬಿಟ್ಟಿದ್ದರೆ, ಹದಿನೈದೇ ವರ್ಷದಲ್ಲಿ ಜನರಿಗೆ ಇಂಥ ಕಾವಲು ಏಕೆ ಬೇಕಾಗುತ್ತಿತ್ತು?